ಮಾರಿಷಸ್ ಮನೆಗೆ ನಿಮ್ಮ ಒಪ್ಪಿಗೆ

ದೊಡ್ಡಬಳ್ಳಾಪುರ
13-7-2025, ಭಾನುವಾರ

ಸಿಂಚನಳ ಅಪ್ಪನವರಿಗೆ ವಾಣಿಶ್ರೀ ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ನೀವೂ ಧರ್ಮಾವರದಲ್ಲಿ ಹೊತ್ತುಹೊತ್ತಿಗೆ ಉಂಡುಕೊಂಡು, ಬಿಪಿ ಮಾತ್ರೆ ಮರೆಯದೆ ನುಂಗಿಕೊಂಡು ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಸೀರೆ ವ್ಯಾಪಾರಕ್ಕೆ ಹೋಗಿದ್ದ ಮಾರಿಷಸ್ಸಿನಿಂದ ಬಂದು ಇಷ್ಟು ದಿನವಾದರೂ ಒಂದು ಸುದ್ದಿಯನ್ನು ಹೇಳದೆ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಫೋನಿನಲ್ಲಿ ಹೇಳೋಣ ಎಂದರೆ ನಿಮ್ಮ ಕಿವಿಯ ಕಥೆ ಗೊತ್ತಿರುವುದೇ. ಮೂವತ್ತು ವರ್ಷ ಮಗ್ಗದ ಸದ್ದು ಕುಡಿದ ಕಿವಿ ಅದು. ನಾನು ಏನು ಹೇಳಿದರೂ ಆ ಕಡೆಯಿಂದ "ಹ್ಞೂಂ, ಹ್ಞೂಂ" ಎನ್ನುತ್ತೀರಿ. ಪಕ್ಕದ ಮನೆ ಕದಿರಮ್ಮನ ಅತ್ತೆ ತೀರಿಕೊಂಡರು ಎಂದಾಗ "ಒಳ್ಳೇದಾಯ್ತು ಬಿಡು" ಎಂದವರು ನೀವು. ವಾಟ್ಸಾಪಿನಲ್ಲಿ ಬರೆದರೆ ಒಂದು ಹೆಬ್ಬೆರಳಿನ ಚಿತ್ರ ಬರುತ್ತದೆ. ಈ ವಿಷಯಕ್ಕೆ ನನಗೆ ಹೆಬ್ಬೆರಳು ಸಾಲದು, ಅದಕ್ಕೇ ಕಾಗದ. ನಾಳೆ ನಿಮ್ಮ ಸಾಹುಕಾರರು ವೆಂಕಟರಾಯಪ್ಪನವರು ನೂಲು ಕೊಳ್ಳಲು ಇಲ್ಲಿಗೆ ಬರುತ್ತಾರಲ್ಲ, ಅವರ ಗಂಟಿನ ಜೊತೆ ಕಳಿಸುತ್ತೇನೆ.

ಊರ ಸುದ್ದಿ ಮೊದಲು ಮುಗಿಸುತ್ತೇನೆ. ಆಷಾಢ, ವ್ಯಾಪಾರ ಮಂದ. ಶ್ರಾವಣಕ್ಕೆ ವರಮಹಾಲಕ್ಷ್ಮಿ ಹಬ್ಬದ ಸೀರೆ ಕೇಳುವವರು ಈಗಿನಿಂದಲೇ ಫೋಟೋ ಕಳಿಸಿ ಎಂದು ಜೀವ ತಿನ್ನುತ್ತಿದ್ದಾರೆ. ಮಗ್ಗದ ಮನೆಗೆ ಅಡ್ಡಗೋಡೆ ಹಾಕಿಸಿ ರೂಮು ಮಾಡಿಸಿದ್ದು ಒಳ್ಳೆಯದೇ ಆಯಿತು. ಬಾಶೆಟ್ಟಿಹಳ್ಳಿ ಫ್ಯಾಕ್ಟರಿಗೆ ಹೋಗುವ ಹೆಣ್ಣುಮಕ್ಕಳು ಬಾಡಿಗೆಗೆ ಬಂದಿದ್ದಾರೆ. ಶಿಫ್ಟಿನ ಬಸ್ಸು ಹಾರ್ನ್ ಹೊಡೆದರೆ ಅರ್ಧ ಜಡೆ ಹೆಣೆದುಕೊಂಡೇ ಓಡುತ್ತವೆ, ಪಾಪ. ಸಿಂಚನ ನೆಲಮಂಗಲದಿಂದ ಹೋದ ವಾರ ಬಂದಿದ್ದಳು, ಅಳಿಯಂದಿರೂ ಚೆನ್ನಾಗಿದ್ದಾರೆ. "ಅಮ್ಮಾ, ಆಷಾಢದಲ್ಲಿ ಹೊಸ ಜೋಡಿ ದೂರ ಇರಬೇಕು ಅಂತಾರೆ, ನೀನೂ ಅಪ್ಪನೂ ಯಾವಾಗ ಹೊಸ ಜೋಡಿ ಆದ್ರಿ?" ಎಂದು ಕಿಚಾಯಿಸಿದಳು. ನಮ್ಮ ಮಗ್ಗಗಳನ್ನು ಕೊಂಡ ವೆಂಕಟರಾಯಪ್ಪನವರು "ಜೋಡಿಸಿಕೊಟ್ಟು ಹೋಗಿ ಮೇಸ್ತ್ರಿ" ಎಂದರು ಎಂದು ನೀವು ಲಾರಿಯ ಹಿಂದೆಯೇ ಹೊರಟಿರಿ. ಒಂದು ವಾರದ ಬಟ್ಟೆ ಇಟ್ಟುಕೊಂಡು ಹೋದವರು ಎರಡು ವರ್ಷದಿಂದ ಹಬ್ಬಕ್ಕೊಮ್ಮೆ ನೆಂಟರ ಹಾಗೆ ಬರುತ್ತೀರಿ. ನಮ್ಮ ಆಷಾಢ ಯಾಕೋ ಮುಗಿಯುತ್ತಲೇ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಿಂತಿದ್ದರೆ ಕೂತುಕೊಂಡು ಓದಿ. ನಾನು ಮಾರಿಷಸ್ಸಿನಲ್ಲಿ ಒಂದು ಮನೆ ನೋಡಿ ಬಂದಿದ್ದೇನೆ. ಬಾಡಿಗೆಗಲ್ಲ, ಕೊಳ್ಳುವುದಕ್ಕೆ.

ತಲೆ ಕೆಟ್ಟಿದೆಯಾ ಎಂದು ಕೇಳುತ್ತೀರಿ. ಕೆಟ್ಟಿಲ್ಲ. ಅಲ್ಲಿ ನನ್ನ ಸೀರೆಗಳನ್ನು ಮದುವೆ ಮನೆಗಳಿಗೆ ಹಂಚುವ ಮಿಸೆಸ್ ಅಪ್ಪಾಡು ಇದ್ದಾರಲ್ಲ, ತೆಲುಗಿನವರು, ಅವರ ಮುತ್ತಜ್ಜನ ಕಾಲದಲ್ಲಿ ಕಬ್ಬಿನ ತೋಟಕ್ಕೆಂದು ಹಡಗು ಹತ್ತಿ ಹೋದವರಂತೆ, ಅವರೇ ತೋರಿಸಿದ್ದು. ಹೊರದೇಶದವರು ಅಲ್ಲಿ ಬೇಕಾದ ಕಡೆ ಕೊಳ್ಳುವ ಹಾಗಿಲ್ಲವಂತೆ, ಸರ್ಕಾರ ಒಪ್ಪಿದ ಕೆಲವು ಕಟ್ಟಡಗಳಲ್ಲಿ ಮಾತ್ರ. ಇದು ಅಂಥದ್ದು. ಎರಡು ರೂಮು, ಒಂದು ಅಡುಗೆಮನೆ, ಮುಂದೆ ಕುರ್ಚಿ ಹಾಕಿಕೊಂಡು ಕೂರುವಷ್ಟು ಬಾಲ್ಕನಿ. ಸಮುದ್ರ ಕಾಲ ಬುಡದಲ್ಲಿಲ್ಲ, ಕಾಣುವಷ್ಟು ದೂರದಲ್ಲಿ ಬಂಡೆಗೆ ಬಡಿಯುತ್ತಿರುತ್ತದೆ. ಮೂರನೇ ಬೀದಿಯಲ್ಲಿ ಮಗ್ಗ ಓಡುತ್ತಿದ್ದರೆ ನಮ್ಮ ಅಡುಗೆಮನೆಗೆ ಕೇಳುತ್ತಿತ್ತಲ್ಲ, ಅಷ್ಟೇ ಸದ್ದು, ಹಾಗೇ ಬಿಡದೆ. ಬರೀ ನೆಲದ ಮೇಲೆ ಸೆರಗು ಹಾಸಿ ಒರಗಿದವಳಿಗೆ ಜೊಂಪು ಹತ್ತಿಬಿಟ್ಟಿತು. ಮನೆ ತೋರಿಸಲು ಬಂದಿದ್ದ ಹುಡುಗಿ ನನಗೇನೋ ಆಯಿತೆಂದು ಹೆದರಿ ನೀರು ತಂದಳು. ನಿಮಗೂ ಅಲ್ಲಿ ನಿದ್ದೆ ಬರುತ್ತದೆ ಎಂದು ಆಗಲೇ ಅಂದುಕೊಂಡೆ.

ಇನ್ನೊಂದು ತಮಾಷೆ. ಅಡುಗೆಮನೆಯ ನಲ್ಲಿ ಗಟ್ಟಿಯಾಗಿದೆ ಎಂದು ಮಿಸೆಸ್ ಅಪ್ಪಾಡುಗೆ ಹೇಳುತ್ತಿದ್ದೆ. ಪಕ್ಕದ ಮನೆಯ ಬಿಳಿ ಮುದುಕರೊಬ್ಬರು ಬಾಗಿಲು ತೆರೆದು ಜಗಳ ಬಿಡಿಸಲು ಬಂದರು. ಮಗ್ಗದ ಮನೆಯವರ ಮಾತು ಹೀಗೇ, ನಮ್ಮೂರಲ್ಲಿ ಗುಟ್ಟು ಹೇಳಿದರೂ ಬೀದಿಯ ಕೊನೆಗೆ ಕೇಳುತ್ತದೆ ಎಂದು ಅವರಿಗೆ ಯಾರು ತಿಳಿಸಿ ಹೇಳುವುದು? ಕೈಮುಗಿದು ನಕ್ಕೆ. ಅವರೂ ಕೈಮುಗಿದು ಒಳಗೆ ಹೋದರು.

ಹಣದ ಯೋಚನೆ ಬೇಡ. ದೇವನಹಳ್ಳಿಯಲ್ಲಿ ನಮ್ಮಪ್ಪ ಅರಿಸಿನ ಕುಂಕುಮಕ್ಕೆಂದು ನನ್ನ ಹೆಸರಿಗೆ ಬರೆದುಕೊಟ್ಟಿದ್ದ ಸೈಟು ಏರ್‌ಪೋರ್ಟ್ ಬಂದ ಮೇಲೆ ಬಂಗಾರವಾಗಿತ್ತಲ್ಲ, ಅದರದ್ದಿದೆ. ಅದನ್ನು ಮಾರುವ ಮುಂಚೆಯೂ ನಿಮ್ಮನ್ನು ಕೇಳಿದ್ದೆ, ನೀವು ಹೆಬ್ಬೆರಳು ಕಳಿಸಿದ್ದಿರಿ. ಆಡಿಟರ್ ಹತ್ತಿರ ಕೂತು ಎಲ್ಲ ಕೇಳಿಕೊಂಡಿದ್ದೇನೆ. ಬ್ಯಾಂಕಿನ ಮೂಲಕವೇ ಕಳಿಸುವುದು, ಕದ್ದುಮುಚ್ಚಿ ಮಾಡುವಂಥದ್ದು ಏನೂ ಇಲ್ಲ. ವರ್ಷಕ್ಕೆರಡು ಸಲ ನಾನು ಹೇಗೂ ಸೀರೆ ತೆಗೆದುಕೊಂಡು ಹೋಗುತ್ತೇನೆ, ಹೋಟೆಲ್ಲಿನ ಬಾಡಿಗೆ ಉಳಿಯುತ್ತದೆ. ನಾವಿಲ್ಲದಾಗ ಬೇರೆಯವರಿಗೆ ಕೊಟ್ಟರೆ ಕರೆಂಟು ನೀರಿನ ಖರ್ಚು ಅದೇ ದುಡಿದುಕೊಳ್ಳುತ್ತದೆ.

ಕದಿರಮ್ಮ ಕೇಳಿ ಬಾಯಿ ಬಿಟ್ಟುಕೊಂಡು ಕೂತಳು. "ಏನೇ ವಾಣಿ, ನಂದಿ ಬೆಟ್ಟದ ಬುಡದಲ್ಲೇ ಎಷ್ಟೊಂದು ಲೇಔಟ್ ಆಗವೆ. ಕೈಗೆ ಸಿಗೋದು ಬಿಟ್ಟು ಸಮುದ್ರದಾಚೆ ಯಾಕೆ ಹೋಗ್ತೀಯಾ?" ಎಂದಳು. ನಾನು ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಇಲ್ಲಿ ಕೊಂಡರೆ ಅದು ಸೈಟು. ಬೇಲಿ ಹಾಕುತ್ತೇವೆ, ಬೋರ್ಡು ನೆಡುತ್ತೇವೆ, ಯುಗಾದಿಗೊಮ್ಮೆ ಹೋಗಿ ಕಳೆ ಕೀಳಿಸಿ ಈಗೆಷ್ಟು ರೇಟು ಎಂದು ಕೇಳಿ ಬರುತ್ತೇವೆ. ಅದರ ಮೇಲೆ ಕೂತು ಒಂದು ಲೋಟ ಕಾಫಿ ಕುಡಿದವರನ್ನು ನಾನು ಈ ತಾಲ್ಲೂಕಿನಲ್ಲಿ ಕಂಡಿಲ್ಲ. ನನಗೆ ಕೂರುವುದಕ್ಕೆ ಒಂದು ಮನೆ ಬೇಕು. ಮದುವೆಯಾದಾಗಿನಿಂದ ನಾವಿಬ್ಬರೂ ಸುಮ್ಮನೆ ಕೂತದ್ದು ಕರೆಂಟು ಹೋದಾಗ ಮಾತ್ರ.

ಆದರೆ ಒಂದು ಕೊಕ್ಕೆ ಇದೆ, ಅದು ನೀವು.

ಅಲ್ಲಿ ರಿಜಿಸ್ಟರ್ ಮಾಡಿಸುವುದು ನೋಟರಿ. ನಮ್ಮ ಕೋರ್ಟಿನ ಮುಂದೆ ಸೀಲು ಒತ್ತುವ ನೋಟರಿಯ ಹಾಗಲ್ಲ, ದೊಡ್ಡ ಅಧಿಕಾರದವರು. ನನಗೆ ಸಿಕ್ಕವರು ನನ್ನ ವಯಸ್ಸಿನ ಹೆಂಗಸು, ಕನ್ನಡಕಕ್ಕೆ ಸರ ಕಟ್ಟಿಕೊಂಡಿದ್ದರು. ಅವರು ಫ್ರೆಂಚಿನಲ್ಲಿ ಕೇಳುವುದು, ಮಿಸೆಸ್ ಅಪ್ಪಾಡು ತಮ್ಮ ಅಜ್ಜಿ ಕಾಲದ ತೆಲುಗಿನಲ್ಲಿ ಹೇಳುವುದು, ನಾನು ಹಿಂದೂಪುರದ ಸಂತೆಯ ತೆಲುಗಿನಲ್ಲಿ ಉತ್ತರ ಕೊಡುವುದು. ಮದುವೆಯಾಗಿದೆಯೇ ಎಂದರು. ತಾಳಿ ತೋರಿಸಿದೆ. ಅದಕ್ಕೆ ಸರ್ಟಿಫಿಕೇಟ್ ಬೇಕಂತೆ. ಚೌಡೇಶ್ವರಿ ಗುಡಿಯಲ್ಲಿ ಆದ ಮದುವೆಗೆ ಎಲೆ ಹಾಕಿಸಿಕೊಂಡು ಉಂಡವರೇ ಸಾಕ್ಷಿ, ಸರ್ಟಿಫಿಕೇಟ್ ಎಲ್ಲಿಂದ ತರಲಿ? ಊರಿಗೆ ಬಂದು ವಿಚಾರಿಸಿದೆ. ಈಗಲೂ ಮಾಡಿಸಬಹುದಂತೆ, ಆದರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಸಬ್ ರಿಜಿಸ್ಟ್ರಾರ್ ಮುಂದೆ ಬರಬೇಕು. "ಹಾರ ತರಿಸ್ಲಾಮ್ಮ?" ಎಂದಳು ನಿಮ್ಮ ಮಗಳು.

ಆಮೇಲೆ ನೋಟರಿಯಮ್ಮ ಇನ್ನೊಂದು ಕೇಳಿದರು. ನಿಮ್ಮ ಕಡೆ ಮದುವೆಯಾದ ಮೇಲೆ ಗಂಡ ಹೆಂಡತಿಯ ಆಸ್ತಿ ಒಂದೇ ಆಗುತ್ತದೋ, ಬೇರೆ ಬೇರೆ ಉಳಿಯುತ್ತದೋ? ಇಷ್ಟು ವರ್ಷ ಸಂಸಾರ ಮಾಡಿ ಇದನ್ನು ಯೋಚಿಸಿಯೇ ಇರಲಿಲ್ಲ. "ಹೆಸರು ಅವರದ್ದು, ಕೆಲಸ ಇಬ್ಬರದ್ದು" ಎಂದೆ. ಮಿಸೆಸ್ ಅಪ್ಪಾಡು ನಗುನಗುತ್ತಾ ಅದನ್ನು ತಿರುಗಿಸಿ ಹೇಳಿದರು. ನೋಟರಿಯಮ್ಮ ನಗಲಿಲ್ಲ. ಮದುವೆಯಾದ ಹೊರದೇಶದವರು ಕೊಳ್ಳುವಾಗ ಮನೆ ಒಬ್ಬರದ್ದೋ ಇಬ್ಬರದ್ದೋ ಎನ್ನುವುದು ಮೊದಲೇ ತೀರ್ಮಾನವಾಗಬೇಕು, ಗಂಡನೂ ಬರಬೇಕು, ಏನು ಕೊಳ್ಳುತ್ತಿದ್ದಾರೆ ಎಂದು ಅವನ ಭಾಷೆಯಲ್ಲಿ ಅವನಿಗೆ ಓದಿ ಹೇಳಿಸಿ ಸಹಿ ಹಾಕಿಸುತ್ತೇನೆ ಎಂದರು. "ಇಬ್ಬರೂ ಕೂತು ಮಾತಾಡಿಕೊಂಡು ಬನ್ನಿ" ಎಂದು ಎದ್ದು ಕೈ ಕುಲುಕಿದರು.

ಇದಕ್ಕೆಲ್ಲ ಓಡಾಡುತ್ತಿರುವ ಬೆಂಗಳೂರಿನ ಏಜೆಂಟು ಕೆಂಪರಾಜ್‌ಗೆ ಇದು ಹಿಡಿಸಲಿಲ್ಲ. "ಅಕ್ಕಾ, ಸುಮ್ನೆ ಸಿಂಗಲ್ ಅಂತ ಹಾಕ್ಬಿಡಿ. ಅಣ್ಣ ಹೇಗೂ ಆ ಕಡೆ ಇರ್ತಾರೆ. ಅಲ್ಲಿಂದ ಯಾರು ಬಂದು ನೋಡ್ತಾರೆ?" ಎಂದ. "ನಿಮ್ಮ ಮನೆಯಾಕೆ ಹಂಗೆ ಬರೆದ್ರೆ ಸುಮ್ನಿರ್ತೀರೇನಪ್ಪಾ?" ಎಂದೆ. ಕತ್ತಿನಲ್ಲಿ ತಾಳಿ ಇಟ್ಟುಕೊಂಡು ಮದುವೆಯೇ ಆಗಿಲ್ಲ ಎಂದು ಬರೆಯುವುದಾದರೆ ಆ ಮನೆಯೇ ನನಗೆ ಬೇಡ.

ಆದ್ದರಿಂದ ನೀವು ಬರಬೇಕು. ಬಂದು ಫೋಟೋ ನೋಡಿ, ಬಾಯಿಗೆ ಬಂದದ್ದು ಕೇಳಿ. ಇಬ್ಬರ ಹೆಸರಿಗೂ ಇರಲಿ ಎನ್ನುವುದು ನನ್ನ ಆಸೆ. ನಿಮ್ಮ ಪಾಸ್‌ಪೋರ್ಟಿಗೂ ಕೊಡಬೇಕು. ವಿಮಾನ ಹತ್ತಲು ಹೆದರಿಕೆಯಾದರೆ ನನ್ನ ಕೈ ಹಿಡಿದುಕೊಳ್ಳಿ, ನಾನು ಯಾರಿಗೂ ಹೇಳುವುದಿಲ್ಲ. ಬೇಡ ಎನಿಸಿದರೆ ಅದನ್ನೂ ಕಾರಣ ಸಮೇತ ಹೇಳಿ. ಉತ್ತರ ಬರೆಯಿರಿ, ಇಲ್ಲವೇ ನೀವೇ ಹೊರಟು ಬನ್ನಿ.

ತಾಯಿ ಚೌಡೇಶ್ವರಿ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿಮ್ಮ
ವಾಣಿಶ್ರೀ

ತಾ.ಕ.: ಹುರಿಗಾಳು ಕಳಿಸಿದ್ದೇನೆ. ಅಲ್ಲಿಯವರಿಗೆಲ್ಲ ಹಂಚಿ ಕೈ ಬರಿದು ಮಾಡಿಕೊಳ್ಳಬೇಡಿ.


ದೊಡ್ಡಬಳ್ಳಾಪುರ
27-7-2025, ಭಾನುವಾರ

ಸಿಂಚನಳ ಅಪ್ಪನವರಿಗೆ ನಮಸ್ಕಾರಗಳು.

ನೀವು ಕಳಿಸಿದ್ದು ಹೋದ ಸೋಮವಾರವೇ ಸೇರಿತು. ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದು ಕೆಲಸದಿಂದಲ್ಲ, ಸಿಟ್ಟಿನಿಂದ. ಸಿಟ್ಟಿನಲ್ಲಿ ಬರೆದರೆ ಅಕ್ಷರ ನೆಟ್ಟಗಿರುವುದಿಲ್ಲ ಎಂದು ಕಾದೆ. ಈಗ ಶ್ರಾವಣ ಬಂತು, ಮನೆ ತುಂಬ ಸೀರೆ ಗಂಟು, ಜನ ಬರುತ್ತಲೇ ಇದ್ದಾರೆ, ಮನಸ್ಸೂ ಒಂದಿಷ್ಟು ಹದಕ್ಕೆ ಬಂದಿದೆ.

ವೆಂಕಟರಾಯಪ್ಪನವರು ನಗುತ್ತಲೇ ಬಂದು ಲಕೋಟೆ ಕೊಟ್ಟರು. ಉತ್ತರ ಇರಬಹುದೆಂದು ಕೈ ಒರೆಸಿಕೊಂಡು ಒಳಗೆ ಹೋಗಿ ಬಿಚ್ಚಿದೆ. ಎರಡು ಬಿಳಿ ಹಾಳೆ, ಒಂದು ಛಾಪಾ ಕಾಗದ, ಎಲ್ಲದರ ಕೆಳಗೂ ಲಕ್ಷ್ಮಣಪ್ಪ ಎಂದು ನಿಮ್ಮ ದುಂಡು ಅಕ್ಷರದ ಸೈನು. ಮೇಲೆ ಒಂದು ಸಾಲು ಇಲ್ಲ. ಹೊರಗೆ ಬಂದು ಬೇರೆ ಏನಾದರೂ ಹೇಳಿದರಾ ಎಂದು ಕೇಳಿದೆ. "ಎಲ್ಲಿ ಏನ್ ಬೇಕೋ ಬರ್ಕೊಳ್ಳೋಕೆ ಹೇಳಿ, ನಂದೇನೂ ಅಡ್ಡಿ ಇಲ್ಲ ಅಂದ್ರಮ್ಮ ಮೇಸ್ತ್ರಿ. ಇಂಥಾ ಗಂಡ ಎಲ್ ಸಿಗ್ತಾನೆ?" ಎಂದರು. ಅವರಿಗೆ ಕಾಫಿ ಕೊಟ್ಟು ಕಳಿಸಿದೆ.

ಕೆಂಪರಾಜ್‌ಗಂತೂ ಹಬ್ಬ. ಆ ಹಾಳೆಗಳ ಮೇಲೆ ನಿಮ್ಮ ಒಪ್ಪಿಗೆಯನ್ನು ಟೈಪ್ ಮಾಡಿಸಿ, ಇಲ್ಲಿಯ ಕೋರ್ಟಿನ ಮುಂದಿನ ನೋಟರಿಯ ಸೀಲು ಒತ್ತಿಸಿ, ನೀವು ಬರಲಾಗದಷ್ಟು ಕಾಯಿಲೆಯಲ್ಲಿದ್ದೀರಿ ಎಂದು ಬರೆಸುತ್ತಾನಂತೆ. "ಅಣ್ಣ ದೇವರಂಥೋರು ಅಕ್ಕಾ. ಕೆಲಸ ಮುಗೀತು ಅನ್ಕೊಳ್ಳಿ" ಎಂದ. ಕಲ್ಲುಗುಂಡಿನ ಹಾಗಿರುವವರಿಗೆ ಯಾವ ಕಾಯಿಲೆ ಹಚ್ಚುತ್ತೀಯಾ ಎಂದು ಗದರಿ ಕಳಿಸಿದೆ.

ಸಿಂಚನಳಿಗೆ ಫೋನು ಮಾಡಿ ಹೇಳಿಕೊಂಡರೆ ಅವಳು ನಿಮ್ಮ ಪಕ್ಷ. "ಅಪ್ಪ ನಿನ್ ಮೇಲಿನ ನಂಬಿಕೆಯಿಂದ ಹಾಕಿದಾರಮ್ಮ. ಅದಕ್ಕೂ ಬೈತೀಯಾ? ಹಾಕದೇ ಇದ್ದಿದ್ರೆ ಅದಕ್ಕೂ ಬೈತಿದ್ದೆ" ಎಂದಳು. ಅವಳು ಹೇಳುವುದರಲ್ಲೂ ನ್ಯಾಯವಿದೆ. ನಮ್ಮ ಊರಿನಲ್ಲಿ ಎಷ್ಟು ಹೆಂಗಸರು ಗಂಡನ ಸೈನು ಸಿಗದೆ ಕಣ್ಣೀರು ಹಾಕುತ್ತಾರೆ ಎಂದು ನನಗೆ ಗೊತ್ತು. ನೀವು ಮೂರು ಸೈನು ಹಾಕಿ ಕಳಿಸಿದ್ದೀರಿ. ನಿಮ್ಮ ಮನಸ್ಸು ಹಾಲಿನಂಥದ್ದು, ಅದರಲ್ಲಿ ನನಗೆ ಯಾವತ್ತೂ ಅನುಮಾನವಿಲ್ಲ.

ಆದರೆ ರೀ, ನೀವು ಏನನ್ನೂ ಕೇಳಲಿಲ್ಲವಲ್ಲ. ಆ ದೇಶದಲ್ಲಿ ಚಳಿಯೋ ಬಿಸಿಲೋ ಎಂದು ಕೇಳಲಿಲ್ಲ. ಅಲ್ಲಿ ರಾಗಿ ಹಿಟ್ಟು ಸಿಗುತ್ತದಾ ಎಂದು ಕೇಳಲಿಲ್ಲ. ನಿನಗೆ ಅಲ್ಲಿ ಹೋಗಿ ಯಾಕೆ ಕೂರಬೇಕು ಅನ್ನಿಸಿತು ವಾಣಿ ಎಂದು ಕೇಳಲಿಲ್ಲ. ನೂಲಿನ ಅಂಗಡಿಯವರು ಬೆರಳು ತೋರಿಸಿದ ಕಡೆಯೆಲ್ಲ ಓದದೆ ಸೈನು ಹಾಕಿ, ಲಾಳಿಗೆ ಹೊತ್ತಾಯಿತು ಎಂದು ಓಡಿಬರುತ್ತಿದ್ದಿರಿ. ನನಗೂ ಹಾಗೇ ಹಾಕಿ ಕಳಿಸಿದ್ದೀರಿ. ನಾನು ನೂಲಿನ ಅಂಗಡಿಯವಳಲ್ಲ.

ಮಗ್ಗದ ಮನೆಯಲ್ಲಿ ಮಾತಿಗೆ ಜಾಗ ಇರಲಿಲ್ಲ, ಒಪ್ಪುತ್ತೇನೆ. ಅಂಗೈ ಮಗುಚಿದರೆ ಊಟ, ಬೆರಳು ಸುತ್ತಿದರೆ ನೂಲು ಮುಗಿದಿದೆ, ತಲೆ ಅಲ್ಲಾಡಿಸಿದರೆ ಸರಿ. ಹಾಗೆಯೇ ಇದ್ದೊಬ್ಬ ಮಗಳನ್ನು ಓದಿಸಿ ಮದುವೆಯನ್ನೂ ಮಾಡಿದೆವು. ನೀವು ಅಲ್ಲಿ ಇನ್ನೂ ಆ ಸದ್ದಿನೊಳಗೇ ಇದ್ದೀರಿ. ಈ ಮನೆಯಲ್ಲಿ ಸದ್ದು ನಿಂತಿದೆ. ಇಲ್ಲಿ ಕೈಸನ್ನೆ ಮಾಡಿದರೆ ನೋಡುವವರು ಯಾರೂ ಇಲ್ಲ.

ಆ ಹಾಳೆಗಳನ್ನು ಈ ಕಾಗದದೊಳಗೇ ಮಡಿಸಿ ವಾಪಸು ಕಳಿಸುತ್ತಿದ್ದೇನೆ. ಹರಿಯೋಣ ಎಂದುಕೊಂಡೆ, ನಿಮ್ಮ ಹೆಸರಿರುವುದನ್ನು ಹರಿಯಲು ಕೈ ಬರಲಿಲ್ಲ. ನೀವೇ ಹರಿದುಹಾಕಿ. ಇನ್ನು ಮೇಲೆ 'ಬರ್ಕೋ' ಎಂದು ಖಾಲಿ ಹಾಳೆಗೆ ಯಾರಿಗೂ ಸೈನು ಹಾಕಿ ಕೊಡಬೇಡಿ, ನನಗೂ ಬೇಡ.

ಕೆಂಪರಾಜ್ ಈಗ ಹೊಸ ರಾಗ ತೆಗೆದಿದ್ದಾನೆ. ಆ ಮನೆಗೆ ಡೆಲ್ಲಿಯವರು ಯಾರೋ ಬಂದಿದ್ದಾರಂತೆ, ನಾವು ಬೇಗ ಹೂಂ ಅನ್ನದಿದ್ದರೆ ಕೈತಪ್ಪುತ್ತದಂತೆ. ತಪ್ಪಿದರೆ ತಪ್ಪಲಿ ಎಂದೆ. ನನಗೆ ಆ ಬಾಲ್ಕನಿ ಕಣ್ಣಿಗೆ ಕಟ್ಟಿದ ಹಾಗಿದೆ, ಹೋದರೆ ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೂ ಅಲ್ಲಿ ಎರಡು ಕುರ್ಚಿ ಹಾಕಿ ಒಂದರಲ್ಲಿ ನಾನೊಬ್ಬಳೇ ಕೂರುವುದಾದರೆ ಅದಕ್ಕೆ ಇಲ್ಲಿಯ ಜಗಲಿಯೇ ಸಾಕು. ಮಿಸೆಸ್ ಅಪ್ಪಾಡುಗೆ ಫೋನು ಮಾಡಿ ನಮ್ಮ ಯಜಮಾನರ ಜೊತೆ ಮಾತಾಡುವ ತನಕ ಏನೂ ಮುಂದುವರಿಯುವುದಿಲ್ಲ ಎಂದು ತಿಳಿಸಿದ್ದೇನೆ. ನೋಟರಿಯಮ್ಮನಿಗೂ ಹಾಗೇ ಹೇಳಿಸಿದ್ದೇನೆ.

ವರಮಹಾಲಕ್ಷ್ಮಿ ಹಬ್ಬಕ್ಕೆ ಬನ್ನಿ. ಬೆಳಿಗ್ಗೆ ಬಂದು ಸಂಜೆ ಬಸ್ಸು ಹತ್ತುವ ಹಾಗೆ ಬೇಡ, ವೆಂಕಟರಾಯಪ್ಪನವರಿಗೆ ನಾನೇ ಹೇಳಿದ್ದೇನೆ. "ಕಳಿಸ್ತೀನಮ್ಮ, ಆದ್ರೆ ವಾಪಸ್ ಕಳಿಸ್ತೀರಾ?" ಎಂದು ಕೇಳಿದರು. ಅದು ಮೇಸ್ತ್ರಿಯನ್ನೇ ಕೇಳಿ ಎಂದೆ. ಕಿವಿಗೆ ಹಾಕುವ ಮಿಷನ್ನು ಸಿಂಚನ ಕೊಡಿಸುತ್ತಾಳಂತೆ, ಬಂದಾಗ ಡಾಕ್ಟರ ಹತ್ತಿರವೂ ಹೋಗಿ ಬರೋಣ. ಮಾತ್ರೆ ಮರೆಯಬೇಡಿ.

ಅಮ್ಮ ಚೌಡೇಶ್ವರಿ ದಾರಿಯಲ್ಲಿ ನಿಮ್ಮನ್ನು ಕಾಯಲಿ, ನನ್ನ ಕಡೆ ತಿರುಗಿಸಲಿ.

ನಿಮ್ಮ
ವಾಣಿಶ್ರೀ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡೇ ಸಹಿ ಹಾಕಿದ್ದೆ, ಆದರೂ ಬರೆದುಬಿಡುತ್ತೇನೆ. ಮಗ್ಗ ಮಾರಿದ ದಿನ ನಾನು ದೇವನಹಳ್ಳಿ ಪಕ್ಕದ ವಿಜಯಪುರಕ್ಕೆ, ಒಂದು ಮದುವೆ ಮನೆಗೆ ಸೀರೆ ತೋರಿಸಲು ಹೋಗಿದ್ದೆ. ವಾಪಸು ಬಂದಾಗ ಬಾಗಿಲಲ್ಲಿ ಲಾರಿ ನಿಂತಿತ್ತು, ಮಗ್ಗಗಳನ್ನು ಬಿಚ್ಚಿ ಏರಿಸುತ್ತಿದ್ದರು. ಕದಿರಮ್ಮ ಗೇಟಿನ ಹತ್ತಿರವೇ ತಡೆದು, "ಯಾಕೆ ವಾಣಿ, ನಿಂಗೆ ಗೊತ್ತಿರ್ಲಿಲ್ವಾ?" ಎಂದು ಕೇಳಿದಳು. ಗೊತ್ತಿತ್ತು ಎಂದೆ. ಒಳಗೆ ಹೋಗಿ ನಿಮಗೂ ಲಾರಿಯವರಿಗೂ ಕಾಫಿ ಮಾಡಿ ಕೊಟ್ಟೆ. ಆ ಮಗ್ಗಗಳಲ್ಲಿ ಹಾಸಿನ ನೂಲು ಮುಗಿದಾಗಲೆಲ್ಲ ಹಳೆಯ ಎಳೆಗೆ ಹೊಸ ಎಳೆ ಹೊಸೆದು ಸೇರಿಸಿದವಳು ನಾನು. ಮಾರಿದ್ದು ತಪ್ಪಲ್ಲ, ಇಟ್ಟುಕೊಂಡಿದ್ದರೆ ಮುಳುಗುತ್ತಿದ್ದೆವು, ಕೇಳಿದ್ದರೆ ನಿಮಗಿಂತ ಮೊದಲು ನಾನೇ ಮಾರಿ ಎನ್ನುತ್ತಿದ್ದೆ. ನೀವು ಕೇಳಲಿಲ್ಲ. ನನ್ನ ತವರಿನ ಹಣದಲ್ಲಿ ಕೊಳ್ಳುವ ಮನೆಗೆ ನಿಮ್ಮನ್ನು ಇಷ್ಟು ಕೇಳುತ್ತಿರುವುದು ಆ ದೇಶದ ಕಾನೂನಿಗೆ ಹೆದರಿ ಎಂದುಕೊಳ್ಳಬೇಡಿ. ಕೇಳದೆ ಬಿಟ್ಟರೆ ಹೇಗಿರುತ್ತದೆ ಎಂದು ನನಗೆ ಗೊತ್ತು. ಬೇಕು ಅನ್ನಿ, ಬೇಡ ಅನ್ನಿ, ಮನೆಗೆ ಬಂದು ಅನ್ನಿ.